ಎರಡು ಅರ್ಧ ಕಾದಂಬರಿಗಳನ್ನು ಒಂದು ಪೂರ್ತಿ ಕಾದಂಬರಿಯೆಂದು ಪರಿಗಣಿಸುವ ಕುರಿತು

ಇಂದ:
ದೇವೀಂದ್ರಪ್ಪ ತಂದೆ ಮಲಕಪ್ಪ,
ವಯಸ್ಸು 53, ಉದ್ಯೋಗ: ಹಿಟ್ಟಿನ ಗಿರಣಿ,
ವಿದ್ಯಾರ್ಹತೆ: ಊರ ಶಾಲೆಯಲ್ಲಿ ಏಳನೇ ತರಗತಿ ಪಾಸು,
ಮುಖ್ಯಸ್ಥ, ಗುರುವಾರದ ಓದುಗರ ಬಳಗ,
ಅತನೂರ, ತಾ. ಅಫಜಲಪುರ

ಗೆ:
ಮಾನ್ಯ ಸಂಚಾಲಕರು,
ಕಡೆಗೋಲು ವಾರ್ಷಿಕ ಕಾದಂಬರಿ ಸ್ಪರ್ಧೆ,
ಓದುಗರ ಊಹೆ ವಿಭಾಗ,
ಕಲಬುರಗಿ

ವಿಷಯ: ನಂ. 4ರ ಮೊದಲರ್ಧ ಹಾಗೂ ನಂ. 9ರ ಕೊನೆಯರ್ಧ ಸೇರಿದ ಕಾದಂಬರಿಯನ್ನು ಅಂತಿಮ ಕಣಕ್ಕೆ ಇಳಿಸುವ ಬಗ್ಗೆ. ಅದು ಆಗದಿದ್ದಲ್ಲಿ, ಬಳಗ ಬಿಟ್ಟು ಹೋದ ಸದಸ್ಯೆಯನ್ನು ಮರಳಿ ಕರೆಸುವ ಬಗ್ಗೆ.

ಉಲ್ಲೇಖ:
1. ಕಳೆದ ಗುರುವಾರ ಸಂಜೆ ಗಿರಣಿಯಲ್ಲಿ ಸದಸ್ಯೆ ಕರೀಮುನ್ನಿಸಾ ಅವರು ಅರ್ಜಿದಾರನಿಗೆ ಅಂದದ್ದು: "ದೇವೀಂದ್ರಪ್ಪ, ನೀ ಓದಿದ್ದು ಪುಸ್ತಕ ಅಲ್ಲೋ. ಮ್ಯಾಲ ಅಂಗಿ, ಕೆಳಗ ಪರಕಾರ, ನಡುವ ಒಂದು ಟಾಕಾ ಹಾಕಿ ಸೂಟು ಅಂತ ಹೇಳಾಕತ್ತಿ."
2. ಅದಕ್ಕೆ ಅರ್ಜಿದಾರನ ಉತ್ತರ: "ಆಪಾ, ಓದಿದವ ನಾನೋ ನೀವೋ?"
3. ಅದಕ್ಕೆ ಅವರ ಉತ್ತರ: "ಕತ್ತರಿಸಿದವಳು ನಾನು. ಯಾವ ಕಾಲು ಯಾವ ಪೈಜಾಮದ್ದು ಅಂತ ನನಗ ಗೊತ್ತದ."
4. ಅದಕ್ಕೆ ಅರ್ಜಿದಾರನ ಉತ್ತರ: "ಸೂಜಿ ಹಿಡಿಯೋರು ಸೂಜಿ ಹಿಡ್ಕೊಂಡು ಕೂಡ್ರಿ. ಸಾಹಿತ್ಯ ತಿಳದವರಿಗೆ ಬಿಡ್ರಿ."
5. ಅದಕ್ಕೆ ಅವರ ಉತ್ತರ: ಕತ್ತರಿ, ದಾರದ ಡಬ್ಬಿ, ಛತ್ರಿ ತೆಗೆದುಕೊಂಡು ಎದ್ದು ಹೋದರು.
6. ತಮ್ಮ ನಿಯಮಾವಳಿ (ಎರಡನೇ ಹಾಳೆಯನ್ನು ಅರ್ಜಿದಾರ ಇನ್ನೂ ಓದಿಲ್ಲ).

ಮಾನ್ಯರೇ,

ಮೇಲ್ಕಾಣಿಸಿದ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ, ಅರ್ಜಿದಾರನಾದ ನಾನು ಸಿಟ್ಟು ಇಳಿದ ಮೇಲೆ ಬರೆಯಬೇಕೆಂದು ಒಂದು ವಾರ ಕಾದೆ. ಅದು ಇಳಿಯಲಿಲ್ಲ. ಪಟ್ಟಿ ಕಳಿಸಲು ಮಂಗಳವಾರವೇ ಕಡೆಯ ದಿನವಾದ ಕಾರಣ ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ.

1. ತಾವು ಪ್ರತಿ ವರ್ಷ ಸ್ಪರ್ಧೆಗೆ ಬಂದ ಕಾದಂಬರಿಗಳಲ್ಲಿ ಹನ್ನೆರಡನ್ನು ಆರಿಸಿ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಓದುಗರ ಬಳಗಗಳಿಗೆ ಒಂದೊಂದು ಪ್ರತಿ ಕಳಿಸುತ್ತೀರಿ. ಅಂತಿಮ ಕಣದಲ್ಲಿ ಯಾವ ಐದು ನಿಲ್ಲುತ್ತವೆಂದು ನಾವು ಮೊದಲೇ ಊಹಿಸಿ ಬರೆಯಬೇಕು. ಯಾರ ಊಹೆ ಹೆಚ್ಚು ಸರಿಯೋ ಅವರ ಊರಿಗೆ ಐವರು ಲೇಖಕರೂ ಬಂದು ಒಂದು ದಿನ ಇರುತ್ತಾರೆ. ಹೋದ ವರ್ಷ ಮಾದನಹಿಪ್ಪರಗಾಕ್ಕೆ ಬಂದರು. ಅದರ ಹಿಂದಿನ ವರ್ಷ ಜೇವರ್ಗಿಗೆ. ಮಾದನಹಿಪ್ಪರಗಾದವರು ಲೇಖಕರಿಗೆ ಶೇಂಗಾ ಹೋಳಿಗೆ ಬಡಿಸಿದ ಫೋಟೋವನ್ನು ಇಂದಿಗೂ ಪ್ರತಿ ಸೋಮವಾರ ಬೆಳಿಗ್ಗೆ ನನ್ನ ಮೊಬೈಲಿಗೆ ಕಳಿಸುತ್ತಾರೆ. ಅತನೂರಿಗೆ ಇಂದಿನವರೆಗೆ ಒಬ್ಬ ಲೇಖಕನೂ ದಾರಿ ತಪ್ಪಿ ಕೂಡ ಬಂದಿಲ್ಲ.

2. ನಮ್ಮ ಬಳಗದಲ್ಲಿ ಐದು ಜನ. ನಾನು. ನನ್ನ ಹೆಂಡತಿ ವಿದ್ಯಾವತಿ. ಬಸ್ ಕಂಡಕ್ಟರ್ ಶಿವಪ್ರಕಾಶ. ಹೊಲ-ಮನೆ ನೋಡಿಕೊಂಡಿರುವ ಹಿರಿಯರಾದ ಗುರಣ್ಣ. ಗುರಣ್ಣನವರು ಯಾವ ಪುಸ್ತಕವನ್ನೂ ಕಡೆಯಿಂದ ಓದುವವರು. ಯಾರು ಸಾಯುತ್ತಾರೆಂದು ಮೊದಲು ತಿಳಿದುಕೊಂಡು ಆಮೇಲೆ ನೆಮ್ಮದಿಯಿಂದ ಶುರುವಿಗೆ ಬರುತ್ತಾರೆ. ಐದನೆಯವರು ನಮ್ಮ ಓಣಿಯಲ್ಲಿಯೇ ಬಟ್ಟೆ ಹೊಲಿಯುವ ಕರೀಮುನ್ನಿಸಾ. ಇಡೀ ಊರಿಗೆ ಅವರು ಆಪಾ, ಅಂದರೆ ಅಕ್ಕ. ನನ್ನ ಮದುವೆಯ ಅಂಗಿ ಹೊಲಿದವರೂ ಅವರೇ. ಅದರ ಕಾಲರು ಇಂದಿಗೂ ಸರಿ ಕೂರುವುದಿಲ್ಲ, ಆದರೆ ಆ ವಿಷಯ ಈ ಅರ್ಜಿಗೆ ಸಂಬಂಧಿಸಿದ್ದಲ್ಲ.

3. ಒಂದು ಪ್ರತಿ, ಐದು ಜನ, ಎರಡು ತಿಂಗಳು. ಆದ್ದರಿಂದ ಪುಸ್ತಕ ಬಂದ ಕೂಡಲೇ ಆಪಾ ಅದರ ಬೆನ್ನಿನ ದಾರ ಬಿಚ್ಚಿ, ಮೂವತ್ತೆರಡು ಪುಟಕ್ಕೆ ಒಂದರಂತೆ ಆರು ಭಾಗ ಮಾಡುತ್ತಾರೆ. ಪ್ರತಿ ಪುಸ್ತಕಕ್ಕೂ ಒಂದೊಂದು ಬಣ್ಣದ ದಾರ ಕಟ್ಟುತ್ತಾರೆ. ನಂ. 4ಕ್ಕೆ ಕೆಂಪು, ನಂ. 9ಕ್ಕೆ ಹಸಿರು. ಭಾಗಗಳು ಜೋಳದ ಡಬ್ಬಿಯ ಜೊತೆ ಓಡಾಡುತ್ತವೆ. ಅಂದರೆ, ಬೀಸಿಸಲು ಬಂದವರು ಓದಿದ ಭಾಗವನ್ನು ಗಿರಣಿಯ ಕಟ್ಟೆಯ ಮೇಲಿಟ್ಟು, ಹಿಟ್ಟಿನ ಜೊತೆ ಮುಂದಿನ ಭಾಗ ಒಯ್ಯುತ್ತಾರೆ. ಎಲ್ಲರೂ ಓದಿದ ಮೇಲೆ ಆಪಾ ಮತ್ತೆ ಹೊಲಿದು ಪುಸ್ತಕ ಮಾಡುತ್ತಾರೆ. ಆರು ವರ್ಷದಿಂದ ಒಂದು ಹಾಳೆಯೂ ಹೋಗಿಲ್ಲ. ಒಮ್ಮೆ ಶಿವಪ್ರಕಾಶನ ಕೈತಪ್ಪಿ ಒಂದು ಭಾಗ ಬಸ್ಸಿನ ಸೀಟಿನ ಮೇಲೆಯೇ ಕಲಬುರಗಿ ಬಸ್‌ಸ್ಟ್ಯಾಂಡಿನಲ್ಲಿ ಉಳಿದಿತ್ತು. ಮರುದಿನ ಅದೇ ಬಸ್ಸಿನಲ್ಲಿ ಅದೇ ಸೀಟಿನ ಮೇಲೆ ತಾನಾಗಿ ವಾಪಸು ಬಂತು.

4. ಲೇಖಕರು ಯಾರೆಂದು ತಿಳಿಯಬಾರದೆಂಬ ಕಾರಣಕ್ಕೆ ತಾವು ಪುಸ್ತಕದ ಒಳಗೆ ಎಲ್ಲಿಯೂ ಹೆಸರು ಹಾಕುವುದಿಲ್ಲ. ರಟ್ಟಿನ ಮೇಲೆ ನಂಬರು ಮಾತ್ರ. ರಟ್ಟು ತೆಗೆದ ಮೇಲೆ ಎಲ್ಲವೂ ಒಂದೇ. ಉಳಿಯುವುದು ದಾರದ ಬಣ್ಣ. ಹಿಟ್ಟಿನ ಗಿರಣಿಯಲ್ಲಿ ನಾಲ್ಕು ದಿನ ಇದ್ದ ದಾರದ ಬಣ್ಣ ಬಿಳಿ. ಕೆಂಪು ಬಿಳಿ. ಹಸಿರು ಬಿಳಿ. ನನ್ನ ಹುಬ್ಬೂ ಬಿಳಿ. ಕಾರಣ, ತಪ್ಪು ಯಾರದೆಂದು ತಾವೇ ವಿಚಾರ ಮಾಡಬೇಕು.

5. ಹೀಗಾಗಿ ನಾನು ನಂ. 4ರ ಮೊದಲ ಮೂರು ಭಾಗ ಓದಿ, ನಂತರ ಕಟ್ಟೆಯ ಮೇಲಿದ್ದ 97ನೇ ಪುಟದ ಭಾಗ ಎತ್ತಿಕೊಂಡೆ. ಅದೂ ಅದರ ಮುಂದಿನ ಎರಡು ಭಾಗಗಳೂ ನಂ. 9ರದ್ದಾಗಿದ್ದವು. 96ರ ನಂತರ 97 ಬಂದರೆ ಯಾವ ಮನುಷ್ಯನೂ ಅನುಮಾನ ಪಡುವುದಿಲ್ಲ.

ಕಥೆ ಹೀಗಿದೆ. ಬಂಗಾರೆವ್ವ ಎಂಬಾಕೆ ಹೊಳೆಯಲ್ಲಿ ಹರಗೋಲು ನಡೆಸುತ್ತಾಳೆ. ಜೊತೆಗೆ ಒಂದು ಆಡು. ಮೈದುನ ಅವಳ ಮನೆಯ ಕಾಗದ ಬಚ್ಚಿಟ್ಟು ಅವಳನ್ನು ಹೊರಗೆ ಹಾಕುತ್ತಾನೆ. 96ನೇ ಪುಟದ ಕಡೆಯ ಸಾಲು: "ಬಂಗಾರೆವ್ವ ಮೊಳಕಾಲುದ್ದ ನೀರಿಗೆ ಇಳಿದು, ಒಂದು ಸಲ ತಿರುಗಿ ಊರನ್ನು ನೋಡಿ,". 97ನೇ ಪುಟದ ಮೊದಲ ಸಾಲು: "ಕರಿ ಕೋಟಿನ ಗುಂಡಿ ಹಾಕಿಕೊಂಡು ನ್ಯಾಯಾಧೀಶರ ಮುಂದೆ ನಿಂತಳು."

ಮಾನ್ಯರೇ, ಅದನ್ನು ಓದಿದಾಗ ನಾನು ಗಿರಣಿಯ ಬೆಲ್ಟು ನಿಲ್ಲಿಸಿದೆ. ಜೋಳ ಬೀಸಿಸಲು ನಿಂತವರು ಕರೆಂಟು ಹೋಯಿತೆಂದು ತಿಳಿದು ಮನೆಗೆ ಹೋದರು. ನೀರಿಗಿಳಿದ ಹೆಂಗಸು ವಕೀಲಳಾಗಿ ಏಳುತ್ತಾಳೆ, ನಡುವಿನ ವರ್ಷಗಳ ಬಗ್ಗೆ ಒಂದು ಮಾತಿಲ್ಲ. ಇಷ್ಟು ಎದೆಗಾರಿಕೆ ನಾನು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ. ಮುಂದೆ ಅವಳ ಹೆಸರು ಮಾಲಿನಿ ಎಂದಾಗುತ್ತದೆ. ಕೋರ್ಟಿನಲ್ಲಿ ಬಂಗಾರೆವ್ವ ಎಂದರೆ ನಗುತ್ತಾರೆಂದು ಬದಲಿಸಿಕೊಂಡಿರಬೇಕೆಂದು ತಿಳಿದೆ. ಎದುರುಪಕ್ಷದವನು ಒಂದು ಟಾಕೀಸಿನ ಮಾಲೀಕ. ಅವನೇ ಮೈದುನ. ಅವನು ಟಾಕೀಸು ಹೇಗೆ ಮಾಡಿದನೆಂದು ಬರೆದಿಲ್ಲ. ಅಂಥವರು ಹೇಗೆ ಮಾಡುತ್ತಾರೆಂದು ನಮಗೆ ಬರೆದು ಹೇಳಬೇಕಾಗಿಯೂ ಇಲ್ಲ. ಕಡೆಯಲ್ಲಿ ಅವನು ತುಂಬಿದ ಕೋರ್ಟಿನಲ್ಲಿ ಸೋಲುತ್ತಾನೆ. ನಾನು ಅತ್ತೆ. ಆಡಿನ ಗತಿ ಏನಾಯಿತೆಂಬುದೊಂದೇ ಕೊರತೆ.

6. ಗುರುವಾರದ ಸಭೆಯಲ್ಲಿ ನಂ. 1, 5, 7, 12 ಎಂದು ನಾಲ್ಕನ್ನು ಎಲ್ಲರೂ ಒಪ್ಪಿದರು. ಐದನೆಯದಕ್ಕೆ ಆಪಾ ನಂ. 11 ಎಂದರು. ನಾನು ಎದ್ದು ನಿಂತು ನಂ. 4ರ ಬಗ್ಗೆ ನಲವತ್ತು ನಿಮಿಷ ಮಾತನಾಡಿದೆ. ನೀರು ಮತ್ತು ಕರಿ ಕೋಟಿನ ಬಗ್ಗೆಯೇ ಹದಿನೈದು ನಿಮಿಷ. ಗುರಣ್ಣನವರು ಕಣ್ಣೊರೆಸಿಕೊಂಡರು. ಶಿವಪ್ರಕಾಶ ಚಪ್ಪಾಳೆ ತಟ್ಟಿದ. ಆಪಾ ಮಾತ್ರ ಬಾಯಿಗೆ ಸೆರಗು ಹಚ್ಚಿಕೊಂಡು ಅಲುಗುತ್ತಿದ್ದರು. ಅಳುತ್ತಿದ್ದಾರೆಂದು ತಿಳಿದು ನಾನು ಇನ್ನೂ ಐದು ನಿಮಿಷ ಹೆಚ್ಚು ಮಾತನಾಡಿದೆ. ಅವರು ಅಳುತ್ತಿರಲಿಲ್ಲ. ನಂತರ ನಡೆದದ್ದು ಉಲ್ಲೇಖ 1ರಿಂದ 5ರಲ್ಲಿದೆ.

7. ಆಪಾ ಹೋದ ದಿನದಿಂದ ಎಪ್ಪತ್ತೆರಡು ಭಾಗಗಳು ಗಿರಣಿಯಲ್ಲಿ ಬಿಚ್ಚಿ ಬಿದ್ದಿವೆ. ಗುರಣ್ಣನವರು ಚೀಲ ಹೊಲಿಯುವ ದಬ್ಬಣದಿಂದ ನಂ. 7ನ್ನು ಹೊಲಿದರು. ಅದು ಈಗ ಅರ್ಧ ಮಾತ್ರ ತೆರೆಯುತ್ತದೆ. ಮೊಣಕಾಲಿನಿಂದ ಒತ್ತಿ ಹಿಡಿದರೆ ಮುಕ್ಕಾಲು. ವಿದ್ಯಾವತಿ ಎರಡು ಸಲ ಆಪಾ ಮನೆಗೆ ಹೋಗಿ ಬಂದಳು. ಎರಡನೇ ಸಲ ಬಂದವಳು ನನ್ನ ಮುಂದೆ ನಿಂತು ಹೇಳಿದಳು:

"ಆಪಾ ಹನ್ನೆರಡೂ ಪುಸ್ತಕ ಓದ್ಯಾರ್ರಿ. ಮೊದಲಿಂದ ಕಡೀತನಕ."

"ಯಾವಾಗ ಓದಿದ್ರು?"

"ಬಿಚ್ಚೋಕಿಂತ ಮೊದಲು. ಅರಿವಿ ಪೂರ್ತಿ ನೋಡಲಾರದ ಕತ್ತರಿ ಹ್ಯಾಂಗ ಹಾಕ್ಲಿ ಅಂತಾರ. ಆರು ವರ್ಷದಿಂದ ಹಂಗೇ ಮಾಡ್ಯಾರ. ನಮ್ಮ ಐದು ಮಂದ್ಯಾಗ ಪುಸ್ತಕ ಪುಸ್ತಕದಂಗ ಓದಿದವರು ಅವರೊಬ್ಬರೇ."

ನಾನು ಬೆಲ್ಟಿನ ಮೇಲಿನ ಹಿಟ್ಟು ಜಾಡಿಸತೊಡಗಿದೆ.

"ನೀವು ಓದಿದ್ದು ತಪ್ಪಲ್ರಿ, ಅಂದಿದ್ದು ತಪ್ಪು. ಹೋಗಿ ಹೇಳಿ ಬರ್ರಿ."

"ನೀನೇ ಹೇಳಿ ಬಾ."

"ಹೇಳಿದೆ. ಬಾಯಿಮಾತು ಗಿರಣಿ ಗಾಳಿಗೆ ಹಾರಿ ಹೋಗ್ತದ, ಬರದು ಕೊಡ್ಲಿ ಅಂದ್ರು."

ನಾನು ಈ ಜನ್ಮದಲ್ಲಿ ಯಾರಿಗೂ ತಪ್ಪಾಯಿತೆಂದು ಬರೆದುಕೊಟ್ಟವನಲ್ಲ. ಆದ್ದರಿಂದ ಬರೆದುಕೊಡಲಿಲ್ಲ.

8. ಇನ್ನು ಮುಂದಿನದು ಕಚೇರಿಯ ತಿಳಿವಳಿಕೆಗೆ ಮಾತ್ರ. ಆಪಾ ಅವರಿಗೆ ಯಾವುದೇ ಕಾರಣಕ್ಕೂ ತೋರಿಸಬಾರದು.

ಭಾನುವಾರ ಗಿರಣಿಗೆ ಕೀಲಿ ಹಾಕಿ, ಎಲ್ಲ ದಾರಗಳನ್ನು ಜಾಡಿಸಿ, ಕೆಂಪನ್ನು ಕೆಂಪಿನ ಜೊತೆ, ಹಸಿರನ್ನು ಹಸಿರಿನ ಜೊತೆ ಕೂಡಿಸಿ ಎರಡನ್ನೂ ಸರಿಯಾಗಿ ಓದಿದೆ. ಆಪಾ ಹೇಳಿದ್ದು ಸರಿ. ಅವು ಎರಡು ಪುಸ್ತಕ. ನಾನು ಓದಿದ ಪುಸ್ತಕ ಎಲ್ಲಿಯೂ ಇಲ್ಲ. ಮತ್ತು ಸೂಜಿಯ ಬಗ್ಗೆ ನಾನು ಆಡಿದ ಮಾತು ಕೆಟ್ಟ ಮಾತು. ಆ ಕೈ ಇಲ್ಲದಿದ್ದರೆ ನಮ್ಮ ಬಳಗ ಅನ್ನುವುದು ಒಂದು ರಾಶಿ ಬಿಡಿ ಹಾಳೆ.

ಆದರೆ ಇನ್ನೊಂದನ್ನೂ ಹೇಳಬೇಕು. ನಿಜವಾದ ನಂ. 4ರಲ್ಲಿ 97ನೇ ಪುಟದಲ್ಲಿ ಬಂಗಾರೆವ್ವ ಕಾಲು ತೊಳೆದುಕೊಂಡು ಮನೆಗೆ ಹೋಗುತ್ತಾಳೆ. ಹೋಗಿ ಉಳಿದ ತೊಂಬತ್ತಾರು ಪುಟ ಅದೇ ಮೈದುನನಿಗೆ ರೊಟ್ಟಿ ಬಡಿಯುತ್ತಾಳೆ. ಆಡು ದಪ್ಪಗಾಗುತ್ತದೆ. ನಿಜವಾದ ನಂ. 9ರಲ್ಲಿ ಮಾಲಿನಿ ಮೊದಲ ತೊಂಬತ್ತಾರು ಪುಟ ಕಾಲೇಜಿನ ಕ್ಯಾಂಟೀನಿನಲ್ಲಿ ಒಬ್ಬನಿಗಾಗಿ ಕಾಯುತ್ತಾಳೆ. ಅವನು ಬರುವುದಿಲ್ಲ. ಅವಳು ಚಹಾ ಕುಡಿಯುತ್ತಾಳೆ. ಎರಡನ್ನೂ ಬೇರೆ ಬೇರೆ ಓದಿದವರಿಗೆ ನನ್ನ ಸಂತಾಪ. ಎರಡನ್ನೂ ನಾನು ಓದಿದಂತೆ ಓದಿದರೆ ಅದಕ್ಕೆ ಸಮನಾದದ್ದು ಈ ಮೂರು ತಾಲ್ಲೂಕಿನಲ್ಲಿ ಇಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಕೆಳಗಿನ ಯಾವುದಾದರೂ ಒಂದನ್ನು ಮಂಜೂರು ಮಾಡಬೇಕಾಗಿ ಕೋರುತ್ತೇನೆ:

ಅ) ನಂ. 4 ಮತ್ತು ನಂ. 9ರ ಲೇಖಕರನ್ನು ಎದುರುಬದುರು ಕೂರಿಸಿ, ಅರ್ಧರ್ಧ ಬಿಟ್ಟುಕೊಡುವಂತೆ ತಿಳಿಸಿ ಹೇಳಿ, ಕೂಡಿಸಿದ ಕಾದಂಬರಿಯನ್ನು ಕಣಕ್ಕೆ ಇಳಿಸುವುದು. ಆಡನ್ನು ಯಾರು ಇಟ್ಟುಕೊಳ್ಳಬೇಕೆಂಬುದನ್ನು ಅವರೇ ತೀರ್ಮಾನಿಸಿಕೊಳ್ಳಲಿ.

ಆ) ಅದು ಆಗದಿದ್ದಲ್ಲಿ, ಐದನೆಯದಾಗಿ ಆಪಾ ಹೇಳಿದ ನಂ. 11ನ್ನೇ ಬರೆಯಲು ನಾನು ಸಿದ್ಧನಿದ್ದೇನೆ. ಆದರೆ ಒತ್ತಾಯದಿಂದ ಒಪ್ಪಿದೆನೆಂದು ದಾಖಲಾಗಬೇಕು.

ಇ) ಅದು ಯಾವುದೂ ಆಗದಿದ್ದಲ್ಲಿ, ಕರೀಮುನ್ನಿಸಾ ಅವರು ಬಳಗಕ್ಕೆ ಮರಳಬೇಕೆಂದು ಕಚೇರಿಯ ಮೊಹರು ಹಾಕಿದ ಪತ್ರ ಬರೆಯುವುದು. ಮೊಹರು ಇದ್ದ ಕಾಗದಕ್ಕೆ ಅವರು ಬೆಲೆ ಕೊಡುತ್ತಾರೆ. ನಾನು ಹೇಳಿ ಬರೆಸಿದ್ದೆಂದು ಅದರಲ್ಲಿ ಇರಬಾರದು.

ಈ ಅರ್ಜಿ ತಲುಪಿದ ಬಗ್ಗೆ ನನಗೆ ಗಿರಣಿಯ ವಿಳಾಸಕ್ಕೆ ತಿಳಿಸುವುದು. ಮನೆಯ ವಿಳಾಸಕ್ಕೆ ಬೇಡ. ಅಲ್ಲಿ ವಿದ್ಯಾವತಿ ಇದ್ದಾಳೆ.

ತಮ್ಮ ವಿಶ್ವಾಸಿ, ಮುಂದಿನ ವರ್ಷವೂ ತಮ್ಮನ್ನು ಬಿಡದವನು,
ದೇವೀಂದ್ರಪ್ಪ

ಅಡಕಗಳು:
1. ನಂ. 4ರ 96ನೇ ಪುಟ ಮತ್ತು ನಂ. 9ರ 97ನೇ ಪುಟ, ಅಕ್ಕಪಕ್ಕ ಇಟ್ಟು ತೆಗೆಸಿದ ಜೆರಾಕ್ಸ್.
2. ಕೆಂಪು ದಾರ ಒಂದು, ಹಸಿರು ದಾರ ಒಂದು (ಎರಡೂ ಬಿಳಿ).
3. ಆಡಿನ ಬಗ್ಗೆ ಅರ್ಜಿದಾರನ ಟಿಪ್ಪಣಿ, ಒಂದೂವರೆ ಹಾಳೆ.
4. ಮಾದನಹಿಪ್ಪರಗಾದ ಹೋಳಿಗೆಯ ಫೋಟೋ. ಇದನ್ನು ಇನ್ನು ಕಳಿಸಬಾರದೆಂದು ಅವರಿಗೆ ತಾಕೀತು ಮಾಡುವುದು.

ಷರಾ (ಸದಸ್ಯ ಗುರಣ್ಣನ ಕೈಬರಹದಲ್ಲಿ):

ಮಾನ್ಯರೇ, ಈ ಅರ್ಜಿಯನ್ನು ನನ್ನ ಕೈಗೆ ಅಂಚೆಗೆ ಹಾಕಲು ಕೊಟ್ಟರು. ನಾನು ಕಡೆಯಿಂದ ಓದುವವನಾದ ಕಾರಣ ತಮ್ಮ ನಿಯಮಾವಳಿಯ ಎರಡನೇ ಹಾಳೆಯನ್ನು ಮೊದಲೇ ಓದಿದ್ದೆ. ಬಳಗದ ಯಾವುದೇ ಪತ್ರವನ್ನು ಐದೂ ಸದಸ್ಯರು ಪೂರ್ತಿ ಓದಿ ಸಹಿ ಮಾಡಿರಬೇಕೆಂದು ಅದರಲ್ಲಿದೆ. ಅದನ್ನು ಅರ್ಜಿದಾರರಿಗೆ ಓದಿ ಹೇಳಿದೆ.

"ಐದೂ ಮಂದಿ ಅಂದ್ರ ಆಪಾನೂ ಬಂದ್ರಲ್ಲ," ಎಂದರು.

"ಬಂದ್ರು," ಎಂದೆ.

"ಪೂರ್ತಿ ಓದಬೇಕಾ? ಎಂಟನೇದ್ದನ್ನೂ?"

"ಎಂಟನೇದ್ದನ್ನೂ."

ಅರ್ಜಿದಾರರು ನಿಯಮ ನಾನೇ ಬರೆದಂತೆ ನನ್ನನ್ನು ನೋಡಿದರು. ನಂತರ ಮುಖದ ಹಿಟ್ಟು ಒರೆಸಿಕೊಂಡು, ಗಿರಣಿಗೆ ಕೀಲಿ ಹಾಕಿ, ಮೂಲ ಅರ್ಜಿ ಹಿಡಿದು, ಬೆಳಿಗ್ಗೆ ಹತ್ತೂವರೆಗೆ ಆಪಾ ಮನೆಯ ಕಡೆಗೆ ಹೊರಟರು. ಈಗ ಸಂಜೆ ಐದು. ವಾಪಸು ಬಂದಿಲ್ಲ. ಮಧ್ಯಾಹ್ನ ಕರೆಯಲು ಹೋದ ವಿದ್ಯಾವತಿಯವರೂ ಬಂದಿಲ್ಲ. ನಾನು ಆ ದಾರಿಯಲ್ಲಿ ಮೂರು ಸಲ ಅಡ್ಡಾಡಿದೆ. ಮೊದಲ ಸಲ ಜಗಳ ಕೇಳಿಸಿತು. ಎರಡನೇ ಸಲ ಹೊಲಿಗೆ ಮಷೀನು. ಮೂರನೇ ಸಲ, ಅರ್ಜಿಯಲ್ಲಿನ ನೀರಿಗಿಳಿದ ಬಂಗಾರೆವ್ವನ ಭಾಗವನ್ನು ಆಪಾ ಮಷೀನು ತುಳಿಯುತ್ತಲೇ ಗಟ್ಟಿಯಾಗಿ ಓದುತ್ತಿದ್ದರು. ಕರಿ ಕೋಟು ಬಂದ ಕೂಡಲೇ ಮಷೀನು ನಿಂತಿತು.

ಇದು ಮೊದಲೇ ತೆಗೆಸಿಟ್ಟಿದ್ದ ಜೆರಾಕ್ಸ್ ಪ್ರತಿ. ಮೂಲ ಬಂದರೆ ಕಳಿಸುತ್ತೇನೆ. ನನ್ನ ಜೋಳ ಗಿರಣಿಯ ಒಳಗಿದೆ, ಕೀಲಿ ಅರ್ಜಿದಾರರ ಕಿಸೆಯಲ್ಲಿದೆ. ಕಾರಣ, ಈ ವರ್ಷ ಲೇಖಕರನ್ನು ಅತನೂರಿಗೆ ಕಳಿಸುವುದಾದಲ್ಲಿ, ಬರುವಾಗ ಹಿಟ್ಟು ತರಲು ಹೇಳಬೇಕಾಗಿ ವಿನಂತಿ.