ಕಂಬಳಿ ಬಡಿಯುವ ಕಲಾವಿದ

ದೂರು ಹೇಳುವುದಕ್ಕೂ ಒಂದು ಮುಖ ಬೇಕು. ನನಗದಿಲ್ಲ. ಜಗಳಕ್ಕೆಂದೇ ಹೋಗಿ ನಿಂತರೂ ಎದುರಿನವರಿಗೆ ನಾನು ಸಕ್ಕರೆ ಕೇಳಲು ಬಂದವನಂತೆ ಕಾಣುತ್ತೇನೆ. ಹೀಗಿರುವಾಗ ಅಮೆರಿಕದ ಪಾರ್ಸಿಪನಿಯ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಗೆ ಮೋರಾಗ್ ಎಂಬ ಸ್ಕಾಟ್ಲೆಂಡಿನ ಹಿರಿಯ ಗಾಯಕಿ ಬಂದರು. ಸಂಜೆಯಾದರೆ ಹಾಡು, ಹಾಡಿನ ಜೊತೆಗೆ ಧಬಧಬ ಸದ್ದು. ನನ್ನ ಹೆಂಡತಿ ಸುಧಾ ಧಾರವಾಡದವಳು. “ಹಾಡ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹಂಗ್ಯಾಕ ಗುದ್ದಬೇಕು? ಹೋಗಿ ಹೇಳಿ ಬರ್ರಿ,” ಎಂದು ನನ್ನನ್ನು ಅಟ್ಟಿದಳು.

ಬಾಗಿಲು ತೆರೆದ ಮೋರಾಗ್, “ಹಾಡು ಕೇಳೋಕೆ ಬಂದಿರಾ?” ಎಂದರು. ನಾನು “ಹೌದು” ಎಂದುಬಿಟ್ಟೆ. ಚಹಾ ಬಂತು, ಬೆಣ್ಣೆ ಬಿಸ್ಕತ್ತು ಬಂತು. ಅವರ ಇಂಗ್ಲಿಷು ನನಗೆ ಅಲ್ಲಲ್ಲಿ ಮಾತ್ರ ಅರ್ಥವಾಗುತ್ತಿತ್ತು. ಉಳಿದ ಕಡೆ “ವಾವ್” ಎಂದು ಸುಧಾರಿಸಿದೆ. ಹೋದ ಗಂಡ ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಸುಧಾಳೇ ಮೇಲೆ ಬಂದಳು. ಅವಳಿಗೋ ಎಲ್ಲವೂ ಅರ್ಥವಾಯಿತು.

ಮೋರಾಗ್ ಹುಟ್ಟಿದ್ದು ಕುರಿಗಳೇ ಹೆಚ್ಚಿದ್ದ ಒಂದು ದ್ವೀಪದಲ್ಲಿ. ಅವರ ಅಜ್ಜಿಯ ಕಾಲದಲ್ಲಿ ಹೆಂಗಸರು ಮೇಜಿನ ಸುತ್ತ ಕೂತು, ಹೊಸದಾಗಿ ನೇಯ್ದ ಒದ್ದೆ ಉಣ್ಣೆಬಟ್ಟೆಯನ್ನು ಬಿಗಿಯಾಗಲೆಂದು ಬಡಿಯುತ್ತ ಹಾಡುತ್ತಿದ್ದರಂತೆ. ನಮ್ಮ ತಲೆಯ ಮೇಲಿನ ಧಬಧಬವೂ ಅದೇ, ಮೋರಾಗ್ ಮೇಜಿನ ಮೇಲೆ ಒದ್ದೆ ಕಂಬಳಿ ಬಡಿಯುತ್ತಿದ್ದ ಸದ್ದು. ಅಜ್ಜಿಯಿಂದ ಆ ಹಾಡುಗಳನ್ನು ಕಲಿತರು, ತಾವೂ ಕಟ್ಟಿದರು, ಊರೂರಿನ ಪಬ್‌ಗಳಲ್ಲಿ ಹಾಡಿದರು. ಹಾಡಿನ ಕಛೇರಿಗೆಂದು ಅಮೆರಿಕಕ್ಕೆ ಬಂದವರು ಇಲ್ಲಿಯವನೊಬ್ಬನನ್ನು ಮದುವೆಯಾಗಿ ಇಲ್ಲೇ ಉಳಿದರು. ವಾರವೆಲ್ಲ ಶಾಲೆಯಲ್ಲಿ ಪಾಠ, ವಾರಾಂತ್ಯ ಹಾಡು. ಈಗ ಜೊತೆಗೆ ದನಿಗೂಡಿಸುತ್ತಿದ್ದ ಗೆಳತಿಯರೆಲ್ಲ ವಯಸ್ಸಾಗಿ, ಒಬ್ಬೊಬ್ಬರಾಗಿ ದೂರದ ಫ್ಲಾರಿಡಾ ಸೇರಿದ್ದರು. “ಶನಿವಾರ ಜರ್ಸಿ ಸಿಟಿಯಲ್ಲಿ ಹಾಡಿ ನಿಲ್ಲಿಸಿಬಿಡ್ತೀನಿ. ನಾನು ಬಿಟ್ಟ ಸಾಲನ್ನು ಎತ್ತಿಕೊಳ್ಳೋರೇ ಇಲ್ಲದ ಮೇಲೆ ಅದು ನಮ್ಮ ಹಾಡೇ ಅಲ್ಲ,” ಎಂದು ಅವರು ಕಿಟಕಿಯತ್ತ ತಿರುಗಿದರು.

ಸುಧಾ ಇದ್ದಕ್ಕಿದ್ದಂತೆ, ತನ್ನಜ್ಜಿ ಜೋಳ ಬೀಸುವಾಗ ಹಾಡುತ್ತಿದ್ದ ಪದವೊಂದನ್ನು ಎತ್ತಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಆ ದನಿ ಕೇಳಿರಲಿಲ್ಲ. ಮೋರಾಗ್ ಮೇಜಿನ ಮೇಲಿದ್ದ ಒದ್ದೆ ಕಂಬಳಿಯನ್ನು ಹಿಡಿದು ತಾಳಕ್ಕೆ ಸರಿಯಾಗಿ ಬಡಿಯತೊಡಗಿದರು. ಇಬ್ಬರೂ ನಗುತ್ತಿದ್ದರು. “ಇವ್ರ ಹಾಡು ನಾ ಎತ್ಕೋತೀನ್ರಿ,” ಎಂದಳು ಸುಧಾ ನನ್ನ ಕಡೆ ತಿರುಗಿ. “ನೀವು ಕಂಬಳಿ ಬಡೀರಿ.”

ಅಲ್ಲಿಂದ ದಿನಾ ಸಂಜೆ ಸುಧಾ ಮೇಲಿನ ಮನೆಗೆ ಹೋಗಿ ಹಾಡು ಕಲಿತಳು. ಶನಿವಾರ ವೇದಿಕೆಯ ಮೇಲೆ ಕಂಬಳಿಯ ಒಂದು ತುದಿ ನನ್ನ ಕೈಯಲ್ಲಿತ್ತು. ತಾಳ ತಪ್ಪಿತು, ಮುಂದಿನ ಸಾಲಿನ ಅಜ್ಜನ ಕನ್ನಡಕಕ್ಕೆ ನೀರು ಸಿಡಿಯಿತು. ಅಜ್ಜ ಹೋ ಎಂದು ನಕ್ಕು, ಎದ್ದು ಬಂದು ಕಂಬಳಿಯ ಇನ್ನೊಂದು ತುದಿ ಹಿಡಿದರು. ಅವರ ಹಿಂದೆಯೇ ಮತ್ತಷ್ಟು ಜನ ಬಂದರು. ಹಾಡಿನ ನಡುವೆ ಒಂದು ಕಡೆ ಮೋರಾಗರ ದನಿ ಒಡೆದು ನಿಂತಿತು. ಸುಧಾ ಆ ಸಾಲನ್ನು ಎತ್ತಿಕೊಂಡಳು, ಸಭೆಯೆಲ್ಲ ಅವಳ ಹಿಂದೆ ಹಾಡಿತು. ಮೋರಾಗ್ ಕಣ್ಣೊರೆಸಿಕೊಂಡು ಮೈಕಿನಲ್ಲಿ ಘೋಷಿಸಿದರು: “ನಿವೃತ್ತಿ ಕ್ಯಾನ್ಸಲ್!”

ಮುಂದಿನ ಕಾರ್ಯಕ್ರಮ ವುಡ್‌ಬ್ರಿಡ್ಜ್‌ನಲ್ಲಿ. ಪೋಸ್ಟರಿನಲ್ಲಿ ಮೋರಾಗರ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಸುಧಾ ಹೆಸರಿದೆ. ನನ್ನ ಹೆಸರೆಲ್ಲಿ ಎಂದು ಹುಡುಕಿದೆ. ಕೆಳಗೆ, ಸಣ್ಣ ಅಕ್ಷರದಲ್ಲಿ, ಒಂದು ಸೂಚನೆ ಸಿಕ್ಕಿತು: “ಮುಂದಿನ ಸಾಲಿನವರು ರೇನ್‌ಕೋಟ್ ತರತಕ್ಕದ್ದು.” ಅದು ನಾನೇ. ನೆಂಟರಿಗೆಲ್ಲ ಫೋಟೋ ಕಳಿಸಿದ್ದೇನೆ.