ಆಜಾ ಅಂದರೆ ಅಜ್ಜ

ನನಗೆ ಮರಾಠಿ ಬರುತ್ತದೆ. ಮುಂದಿನ ಅನಾಹುತಕ್ಕೆಲ್ಲ ಇದೊಂದೇ ಮೂಲವಾದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಶಿರಸಿ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲಕ್ಕೆ ಶಾಲೆ ಕಲಿತವನು ನಾನು. ಮಾಸ್ತರರು ಛಡಿ ಹಿಡಿದು ಕಲಿಸಿದ ಮರಾಠಿ ತಲೆಗೆ ಹತ್ತಿದ್ದಕ್ಕಿಂತ ಅಂಗೈಗೆ ಹತ್ತಿದ್ದೇ ಹೆಚ್ಚು. ಆದರೂ ಕಲಿತೆ. ಅಷ್ಟರಲ್ಲಿ ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದೆವು. ನನ್ನ ಮರಾಠಿಯನ್ನು ಕೇಳುವವರೇ ಇಲ್ಲವಾದರು. ಪೇಟೆಯ ನನ್ನ ಪಾತ್ರೆ ಅಂಗಡಿಗೆ ಬಂದವರು ಕನ್ನಡದಲ್ಲಿ ಕೊಡ ಕೇಳಿದರು, ಕೊಂಕಣಿಯಲ್ಲಿ ತಪ್ಪಲೆ ಕೇಳಿದರು. ಮರಾಠಿಯಲ್ಲಿ ಒಂದು ಚಮಚವನ್ನೂ ಯಾರೂ ಕೇಳಲಿಲ್ಲ. ಇಷ್ಟು ವಿದ್ಯೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಕೂರುವ ಸಂಕಟ ವಿದ್ಯಾವಂತರಿಗೇ ಗೊತ್ತು.

ಹೀಗಿರುವಾಗ ನಮ್ಮ ಮನೆಗೆ ರೇಡಿಯೋ ಬಂತು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ ಕೂತು ಬಂತು. ಅದನ್ನು ಗೋಡೆಯ ಹಲಗೆಯ ಮೇಲೆ ಪ್ರತಿಷ್ಠಾಪಿಸಿ, ಹಂಚಿನ ಮೇಲಿನವರೆಗೆ ತಂತಿ ಎಳೆಸಿ, ಹೆಂಡತಿ ಪಾರವ್ವ ಮತ್ತು ಮಗಳು ಸುಶೀಲೆಯನ್ನು ಎದುರಿಗೆ ಕೂರಿಸಿಕೊಂಡು ನಾನೊಂದು ಸಣ್ಣ ಭಾಷಣ ಮಾಡಿದೆ. ಈ ಯಂತ್ರದಲ್ಲಿ ಬೆಳಗ್ಗೆ ವಚನ, ಸಂಜೆ ವಾರ್ತೆ, ಇವೆರಡನ್ನು ಬಿಟ್ಟು ಮೂರನೆಯದು ಕೇಳತಕ್ಕದ್ದಲ್ಲ ಎಂಬುದು ಭಾಷಣದ ಸಾರಾಂಶ. ಇಬ್ಬರೂ ತಲೆ ಆಡಿಸಿದರು. ಆ ತಲೆ ಆಡಿಸಿದ ರೀತಿ ನೋಡಿಯೇ ನಾನು ಎಚ್ಚರಗೊಳ್ಳಬೇಕಿತ್ತು.

ಒಂದು ದಿನ ಮಧ್ಯಾಹ್ನ ಊಟಕ್ಕೆ ಹೊತ್ತಿಗೆ ಮುಂಚೆ ಬಂದೆ. ಓಣಿಯ ತುದಿಯಲ್ಲೇ ಒಂದು ಹೆಣ್ಣು ದನಿ ಕಿವಿಗೆ ಬಿತ್ತು. ಹಿಂದೆ ಡೋಲು, ಮುಂದೆ ಪೀಪಿ. ಯಾರ ಮನೆಯಲ್ಲಪ್ಪಾ ಈ ಗಲಾಟೆ ಎಂದು ಅಸಹ್ಯಪಟ್ಟುಕೊಳ್ಳುತ್ತ ನಡೆದರೆ ಅದು ನಮ್ಮ ಮನೆಯೇ. ನಾನು ಗುಂಡಿ ತಿರುವಿ ಯಂತ್ರದ ಬಾಯಿ ಮುಚ್ಚಿಸಿದೆ.

"ಸಿನಿಮಾ ಹಾಡಪ್ಪಾ," ಎಂದಳು ಸುಶೀಲೆ. "ಕಡಲಿನ ಆಚೆಯಿಂದ ಹಚ್ತಾರ. ಈಗ ಊರಾಗ ಎಲ್ಲಾರೂ ಇದನ್ನ ಕೇಳ್ತಾರ."

"ಇನ್ನೊಮ್ಮೆ ಕೇಳಿದ್ರ ಪೆಟ್ಟಿಗಿ ಹುಬ್ಬಳ್ಳಿಗೆ ವಾಪಸ್," ಎಂದೆ.

ಇದು ಬರೀ ಬೆದರಿಕೆಯಲ್ಲ, ನಿಜವಾಗಿಯೂ ಮಾಡುವವನೇ ನಾನು. ಅದು ಅವಳಿಗೂ ಗೊತ್ತಿತ್ತು. ಅವತ್ತಿಡೀ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಪಾರವ್ವ ಮಾತ್ರ ಇಬ್ಬರ ಪಾಲಿನದನ್ನೂ ಆಡಿದಳು.

ಮರುವಾರ ಮತ್ತೆ ಹಾಗೆಯೇ ಆಯಿತು. ಈ ಸಲ ನಾನು ಚಪ್ಪಲಿ ಸಹ ಬಿಡದೆ ನೇರ ಹೋಗಿ ಗುಂಡಿಗೆ ಕೈ ಹಾಕಿದೆ. ಅಷ್ಟರಲ್ಲಿ ಆ ಹೆಣ್ಣು ದನಿ, "ಆಜಾ..." ಎಂದಿತು.

ನನ್ನ ಕೈ ನಿಂತಿತು. "ಆಜಾ..." ಎಂದು ದನಿ ಮತ್ತೆ ಎಳೆಯಿತು.

"ಏನಂದಳು ಈಕಿ?" ಎಂದೆ.

"ಆಜಾ ಅಂದಳು," ಎಂದಳು ಸುಶೀಲೆ, ಹುಬ್ಬಳ್ಳಿ ಬಸ್ಸು ಕಣ್ಣೆದುರು ನಿಂತಂಥ ಮುಖದಲ್ಲಿ.

"ಆಜಾ ಅಂದ್ರ ಅಜ್ಜ."

ಪಾರವ್ವ ರೊಟ್ಟಿ ತಟ್ಟುವುದನ್ನು ಬಿಟ್ಟು ತಲೆಯೆತ್ತಿದಳು.

"ಮರಾಠಿಯಾಗ ಆಜಾ ಅಂದ್ರ ಅಜ್ಜ," ಎಂದು ಬಿಡಿಸಿ ಹೇಳಿದೆ. "ಹಿಂದಿ ಏನು, ಮರಾಠಿಯ ತಂಗಿ ಇದ್ದಂಗ. ಈ ಹುಡುಗಿ ಅಜ್ಜನ್ನ ಕರಿಯಾಕ ಹತ್ಯಾಳ. ಹೌದಿಲ್ಲೋ?"

ಸುಶೀಲೆ ತಾಯಿಯ ಮುಖ ನೋಡಿದಳು. ತಾಯಿ ಹಂಚಿನ ಮೇಲಿನ ರೊಟ್ಟಿಯ ಮುಖ ನೋಡಿದಳು. ರೊಟ್ಟಿ ಏನೂ ಹೇಳಲಿಲ್ಲ.

"ಹೌದಪ್ಪಾ," ಎಂದಳು ಮಗಳು. "ಅಜ್ಜನ ಹಾಡು."

ನಾನು ಚಪ್ಪಲಿ ಬಿಟ್ಟು ಬಂದು ಕೂತೆ. ಬಹುಕಾಲದಿಂದ ಕೆಲಸವಿಲ್ಲದೆ ಬಿದ್ದಿದ್ದ ನನ್ನ ವಿದ್ಯೆಗೆ ಕೊನೆಗೂ ಕರೆ ಬಂದಿತ್ತು. ಹಾಡು ದಿನಾ ಬರುತ್ತಿತ್ತು, ನಾನು ದಿನಾ ಕೇಳಿ ಒಂದೊಂದೇ ಶಬ್ದ ಹೆಕ್ಕಿದೆ. 'ರಾತ್' ಎಂದರೆ ರಾತ್ರಿ. 'ಚಾಂದ್' ಎಂದರೆ ಚಂದ್ರ. 'ದಿಲ್' ಎಂದರೆ ಎದೆ ಎಂಬುದು ನಮ್ಮ ಅಂಗಡಿಗೆ ಕಲಾಯಿ ಮಾಡಲು ಬರುತ್ತಿದ್ದ ಸಾಹೇಬರಿಂದ ಗೊತ್ತಿತ್ತು. ಕಥೆ ತಾನೇ ಬಿಚ್ಚಿಕೊಂಡಿತು. ಅಜ್ಜ ಎಲ್ಲಿಗೋ ಹೋಗಿದ್ದಾನೆ. ರಾತ್ರಿಯಾದರೂ ಮನೆಗೆ ಬಂದಿಲ್ಲ. ಚಂದ್ರ ಮೂಡಿದ್ದಾನೆ. ಮೊಮ್ಮಗಳಿಗೆ ಎದೆ ಡವಗುಟ್ಟುತ್ತಿದೆ. ಕೊನೆಗೆ 'ಬಾಹೋಂ' ಎಂಬುದೊಂದು ಉಳಿಯಿತು. ಒಂದು ದಿನವೆಲ್ಲ ಯೋಚಿಸಿದ ಮೇಲೆ ಅದೂ ಹೊಳೆಯಿತು.

"ಬಾ ಅಂತಿದಾಳ," ಎಂದೆ ಹೆಂಡತಿಗೆ. "ದುಃಖ ಭಾಳ ಆದಾಗ ಮನುಷ್ಯನ ಬಾಯಿಂದ ಕನ್ನಡಽ ಬರೋದು."

"ಮೂಲೆ ಮನಿ ಹೆಗಡೆ ಮಾಸ್ತರ್ರು ಶಾಲಿಯಾಗ ಹಿಂದಿ ಕಲಸ್ತಾರ," ಎಂದಳು ಪಾರವ್ವ. "ಅವರನ್ನ ಒಂದ್ಸಲ ಕೇಳಬಾರದೇನ್ರಿ?"

"ನನಗ ಗೊತ್ತಿದ್ದದ್ದನ್ನ ಅವರಿಗೆ ಯಾಕ ಕೇಳ್ಬೇಕು?" ಎಂದೆ. ಇಂಥ ಪ್ರಶ್ನೆಗೆ ಉತ್ತರವಿರುವುದಿಲ್ಲ. ಆದ್ದರಿಂದಲೇ ನಾನು ಇಂಥ ಪ್ರಶ್ನೆ ಕೇಳುತ್ತೇನೆ.

ತಮಾಷೆ ಹಾಗಿರಲಿ. ಆ ಹಾಡು ನನ್ನನ್ನು ನಿಜವಾಗಿ ಹಿಡಿದುಬಿಟ್ಟಿತು. ನನ್ನನ್ನು ಸಾಕಿದವನು ನನ್ನ ಅಜ್ಜ. ಗಾಡಿಯಲ್ಲಿ ಪಾತ್ರೆ ಹೇರಿಕೊಂಡು ಬನವಾಸಿ ಕಡೆಯ ಸಂತೆಗಳಿಗೆ ಹೋಗುತ್ತಿದ್ದ. ಬರುವುದು ತಡವಾದರೆ ನಾನು ಕಂದೀಲು ಹಿಡಿದು ಕಟ್ಟೆಯ ಮೇಲೆ ಕೂರುತ್ತಿದ್ದೆ. ದೂರದಲ್ಲಿ ಪಾತ್ರೆಗಳ ಖಣಖಣ ಕೇಳಿಸುವವರೆಗೆ ಒಳಗೆ ಯಾರು ಕರೆದರೂ ಹೋಗುತ್ತಿರಲಿಲ್ಲ. ಆ ಹುಡುಗಿ "ಆಜಾ" ಎಂದು ದನಿ ಎಳೆದಾಗಲೆಲ್ಲ ನನಗೆ ಆ ಕಟ್ಟೆ ನೆನಪಾಗುತ್ತಿತ್ತು. ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ಸುಶೀಲೆ ಸುಮ್ಮನೆ ಬಂದು ಹತ್ತಿರ ಕೂರುತ್ತಿದ್ದಳು.

ಅಜ್ಜನಿಗೆ ಬಾಗಿಲು ತೆಗೆದ ಮೇಲೆ ಉಳಿದವರೂ ಒಳಗೆ ಬಂದರು. ಅಜ್ಜನಿಲ್ಲದ ಹಾಡುಗಳೂ ಹಿಡಿಸತೊಡಗಿದವು. ವಾರ್ತೆಯ ಹೊತ್ತಿಗೆ ನಾನೇ ಮಗಳಿಗೆ, "ಆ ಕಡಲಾಚೆಯದ್ದನ್ನ ಹಚ್ಚವಾ" ಎನ್ನುವ ಹಾಗಾಯಿತು. ಅಂಗಡಿಯಲ್ಲಿ ಕೈ ತಾನಾಗಿ ಕೊಡಗಳ ಮೇಲೆ ತಾಳ ಹಾಕುತ್ತಿತ್ತು. ತಾಮ್ರದ್ದಕ್ಕೊಂದು ಪೆಟ್ಟು, ಹಿತ್ತಾಳೆಯದ್ದಕ್ಕೆ ಎರಡು. ಯಲ್ಲಾಪುರದಿಂದ ಬಂದ ಗಿರಾಕಿಯೊಬ್ಬರು ಬಹಳ ಹೊತ್ತು ನೋಡಿ, "ಎಂತ ಮಾರಾಯ್ರೆ, ಎಲ್ಲಾ ಕೊಡವೂ ಬಿರುಕು ಬಿಟ್ಟಿದ್ದಾ? ಇಷ್ಟು ಪರೀಕ್ಷೆ ಮಾಡ್ತಾ ಇದ್ರಿ," ಎಂದು ಬರಿಗೈಯಲ್ಲಿ ಎದ್ದು ಹೋದರು.

ಆಗ ಸುಶೀಲೆಗೆ ಸಂಬಂಧ ಬಂತು. ಹುಡುಗ ಸಿದ್ದಾಪುರದಲ್ಲಿ ಶಾಲಾ ಮಾಸ್ತರ, ಮನೆ ಎಕ್ಕಂಬಿ ಕಡೆ. ಹಿಂದೆ ಬಂದ ಸಂಬಂಧಗಳಲ್ಲಿ ಒಬ್ಬನ ಮೂಗು, ಇನ್ನೊಬ್ಬನ ಮೀಸೆ, ಮತ್ತೊಬ್ಬನ ತಾಯಿ ಎಂದು ಕೊಂಕು ತೆಗೆದಿದ್ದ ಮಗಳು ಈ ಸಲ ಏನೂ ಅನ್ನದೆ ಒಳಗೆ ಹೋಗಿ ಕನ್ನಡಿ ಒರೆಸತೊಡಗಿದಳು. ಯಾವುದೋ ಮದುವೆಯಲ್ಲಿ ಅವನನ್ನು ನೋಡಿದ್ದಳಂತೆ. ಅವಳ ಮನಸ್ಸು ಅಲ್ಲಿ ನಿಂತಿದೆ ಎಂಬುದು ನನಗೂ ತಿಳಿಯಿತು. ಆದರೆ ಆ ಮನೆಯಲ್ಲಿ ಹೂಂ ಅನ್ನಬೇಕಾದವರು ಹುಡುಗನ ಅಜ್ಜ. ಅವರು ನಕ್ಕಿದ್ದನ್ನು ನೋಡಿದವರಿಲ್ಲ ಎಂದು ಸುದ್ದಿ.

"ಹೋದ ಸಲ ಒಂದು ಹುಡುಗಿ ಯಾಕ ಬಿಟ್ರು ಗೊತ್ತೇನ್ರಿ?" ಎಂದಳು ಪಾರವ್ವ. "ಹುಡುಗಿ ಅಪ್ಪ ಭಾಳ ಮಾತಾಡಿದ ಅಂತ. ನಿಮಗ ಕೈ ಮುಗೀತೇನಿ, ನೀವು ಬಾಯಿ ತೆರೀಬ್ಯಾಡ್ರಿ. ಆ ಅಜ್ಜಾರು ಎಳೇ ವಯಸ್ಸಿನಾಗ ಮೆಣಸಿನಕಾಯಿ ವ್ಯಾಪಾರಕ್ಕ ಸೊಲ್ಲಾಪುರ, ಹೈದರಾಬಾದ ಎಲ್ಲಾ ತಿರುಗಿದವರಂತ. ಅವರ ಮುಂದ ನಿಮ್ಮ ಮರಾಠಿ ಅಂತೂ ಬ್ಯಾಡಽ ಬ್ಯಾಡ."

ಮಾತಾಡುವುದಿಲ್ಲ ಎಂದು ಮಾತು ಕೊಟ್ಟೆ. ಮಗಳ ಮೇಲಿನ ಪ್ರೀತಿಗೆ ಅಷ್ಟೂ ಮಾಡದಿದ್ದರೆ ಹೇಗೆ?

ಹೆಣ್ಣು ನೋಡಲು ಬಂದರು. ಅಜ್ಜ ಹಣೆತುಂಬ ವಿಭೂತಿ, ತಲೆಯ ಮೇಲೆ ಬಿಳಿ ರುಮಾಲು. ಜಮಖಾನೆಯ ನಡುವೆ ಕೂತು ತೊಲೆಗಳನ್ನು ನೋಡುತ್ತಿದ್ದರು. ಹುಡುಗ ಪಕ್ಕದಲ್ಲಿ ತನ್ನ ಹೆಬ್ಬೆರಳು ನೋಡುತ್ತಿದ್ದ. ನಾನು "ಶರಣ್ರಿ" ಎಂದು ಕೈ ಮುಗಿದವನು ಆಮೇಲೆ ತುಟಿ ಬಿಚ್ಚಲಿಲ್ಲ. ಬೇಳೆ ಬೆಲ್ಲದ ಧಾರಣೆ ಬಂತು, ಸುಮ್ಮನಿದ್ದೆ. ಬಸ್ಸಿನ ತೊಂದರೆ ಬಂತು, ಸುಮ್ಮನಿದ್ದೆ. ಬಾಗಿಲ ಹಿಂದಿನಿಂದ ಪಾರವ್ವ ನನ್ನನ್ನು ನೋಡುತ್ತಿದ್ದ ಕಣ್ಣುಗಳಲ್ಲಿ ಮದುವೆಯಾದಾಗಿನಿಂದ ಕಾಣದಿದ್ದ ಗೌರವವಿತ್ತು.

ಸುಶೀಲೆ ಶಿರಾ, ಉಪ್ಪಿಟ್ಟು ತಂದಿಟ್ಟು ಕೂತಳು.

"ಹಾಡು ಬರ್ತಾವೇನವಾ?" ಎಂದರು ಅಜ್ಜ. ಹೆಣ್ಣು ನೋಡಲು ಬಂದವರೆಲ್ಲ ಕೇಳುವ ಮಾತು. ಅದಕ್ಕೆಂದೇ ಅವಳು ಒಂದು ವಚನವನ್ನು ವಾರವಿಡೀ ಹೇಳಿಕೊಂಡಿದ್ದಳು. ಬಾಯಿ ತೆರೆದಳು. ಹುಡುಗನ ಕಡೆ ಒಮ್ಮೆ ನೋಡಿದಳು. ವಚನ ಎತ್ತ ಹೋಯಿತೋ ಏನೋ, ಬಾಯಿ ತೆರೆದದ್ದು ತೆರೆದೇ ಉಳಿಯಿತು. ಅಜ್ಜನ ಹುಬ್ಬುಗಳು ಕೂಡಿಕೊಂಡವು. ಮಗಳ ಕಣ್ಣಲ್ಲಿ ನೀರು ತುಂಬಿತು.

ಅದನ್ನು ಕಂಡ ಮೇಲೆ ಏನಾದರೂ ಮಾಡಲೇಬೇಕಿತ್ತು. ಎದುರಿಗೆ ಕೂತವರೋ ಅಜ್ಜ. ನಮ್ಮಲ್ಲಿದ್ದದ್ದೋ ಅಜ್ಜನ ಹಾಡು. ಇದಕ್ಕಿಂತ ತಕ್ಕದ್ದು ಇನ್ನೊಂದಿದೆಯೇ?

"ಸುಶೀಲಾ, ಅದನ್ನಽ ಹಾಡವಾ, ಆಜಾ," ಎಂದೆ.

ಸುಶೀಲೆಯ ಮುಖ ಹಿಟ್ಟಿನಂತೆ ಬೆಳ್ಳಗಾಯಿತು. "ಅಪ್ಪಾ, ಬ್ಯಾಡ," ಎಂದಳು. ನಾಚಿಕೆ ಎಂದುಕೊಂಡೆ.

ಹೆಂಡತಿ ಮಾತಾಡಬೇಡಿ ಎಂದಿದ್ದಳು. ಹಾಡಬೇಡಿ ಎಂದಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, ಎದುರಿನ ಹಿತ್ತಾಳೆ ತಂಬಿಗೆಯನ್ನು ಹತ್ತಿರಕ್ಕೆಳೆದುಕೊಂಡು ಎರಡು ಪೆಟ್ಟು ಕೊಟ್ಟು, ಅಜ್ಜನ ಕಡೆಗೆ ಎರಡೂ ಕೈ ಚಾಚಿ, ಕಣ್ಣು ಮುಚ್ಚಿ ಶುರುಮಾಡಿದೆ. "ಆಜಾ..." ಎಂದು ಆ ಹುಡುಗಿ ಎಳೆದಷ್ಟೇ ಎಳೆದೆ. ರಾತ್ ಬಂತು, ಚಾಂದ್ ಬಂತು, ದಿಲ್ ಬಂದಾಗ ಎದೆ ಮುಟ್ಟಿಕೊಂಡೆ. ಬಾಹೋಂ ಎನ್ನುವಾಗ ಮತ್ತೆ ಕೈ ಚಾಚಿ ಮುಂದಕ್ಕೆ ಸರಿದು ಕೂತೆ. ನನ್ನ ಅಜ್ಜನ ಗಾಡಿ ಕಣ್ಣೆದುರು ಬಂತು, ದನಿ ತಾನಾಗಿ ನಡುಗಿತು. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಹಾಡಿರಲಿಲ್ಲ.

ಕಣ್ಣು ತೆರೆದೆ. ಹುಡುಗ ಉಪ್ಪಿಟ್ಟು ನೆತ್ತಿಗೇರಿ ಕೆಮ್ಮುತ್ತಿದ್ದ. ಸುಶೀಲೆ ಸೆರಗಿನಲ್ಲಿ ಮುಖ ಹುದುಗಿಸಿದ್ದಳು. ಬಾಗಿಲ ಹಿಂದೆ ಪಾರವ್ವ ಇರಲಿಲ್ಲ. ನೆಲದ ಮೇಲೆ ಕೂತುಬಿಟ್ಟಿದ್ದಳೆಂದು ಆಮೇಲೆ ತಿಳಿಯಿತು.

ಅಜ್ಜ ಮಾತ್ರ ನನ್ನನ್ನೇ ನೋಡುತ್ತಿದ್ದರು. "ಈ ಹಾಡಿನ ಅರ್ಥ ಏನ್ರಿ ಯಜಮಾನ್ರ?" ಎಂದರು.

ನಾನು ಹೇಳಿದೆ. ಆಜಾ ಎಂದರೆ ಅಜ್ಜ ಎಂಬಲ್ಲಿಂದ ಹಿಡಿದು, ಚಂದ್ರೋದಯ ದಾಟಿ, ಕೊನೆಗೆ ದುಃಖದಲ್ಲಿ ಕನ್ನಡ ಬಂದದ್ದರವರೆಗೆ ಒಂದೂ ಬಿಡದೆ ಹೇಳಿದೆ.

ಅಜ್ಜ ಪೂರ್ತಿ ಕೇಳಿಸಿಕೊಂಡರು. ಒಂದು ಗುಟುಕು ನೀರು ಕುಡಿದರು.

"ಮರಾಠಿಯಾಗ ಆಜಾ ಅಂದ್ರ ಅಜ್ಜ. ಖರೆ," ಎಂದರು. "ಆದ್ರ ಇದು ಹಿಂದಿ ನೋಡ್ರಿ. ಹಿಂದಿಯಾಗ ಆಜಾ ಅಂದ್ರ ಬಾ ಅಂತ. ಬಾಹೋಂ ಅಂದ್ರ ತೋಳು. ರಾತ್ರಿ ಆಗೇತಿ, ಚಂದ್ರ ಬಂದಾನ, ಬಂದು ನನ್ನ ತೋಳಿನಾಗ ಸೇರ್ಕೋ ಅಂತ ಆ ಹುಡುಗಿ ತನ್ನ ಪ್ರಿಯಕರನ್ನ ಕರಿಯಾಕ ಹತ್ಯಾಳ."

ಚಾಚಿದ್ದ ನನ್ನ ಕೈಗಳು ಇನ್ನೂ ಹಾಗೆಯೇ ಇದ್ದವು. ಅವನ್ನು ಎಲ್ಲಿಡಬೇಕೆಂದು ತಿಳಿಯದೆ ತಂಬಿಗೆಯ ಮೇಲಿಟ್ಟೆ. ಮುಗಿಯಿತು ಎಂದುಕೊಂಡೆ. ಮಗಳ ಕಡೆ ನೋಡುವ ಧೈರ್ಯವಾಗಲಿಲ್ಲ. ಅವಳು ಒರೆಸಿದ ಕನ್ನಡಿ ನೆನಪಾಯಿತು.

ಅಜ್ಜ ರುಮಾಲು ಸರಿಮಾಡಿಕೊಂಡರು. "ನೀವು ಇಷ್ಟು ಪ್ರೀತಿಯಿಂದ ಕರದ್ರಿ. ಒಲ್ಲೆ ಅನ್ನಾಕ ಬಾಯಿ ಬರವಲ್ದು," ಎಂದರು. "ಆದ್ರ ನನಗ ವಯಸ್ಸಾತು, ನಾ ಬರಂಗಿಲ್ಲ. ನನ್ನ ಬದಲು ಈ ಮೊಮ್ಮಗನ್ನ ಕೊಡ್ತೇನಿ. ನಡೀತೈತೇನ್ರಿ?"

ಹೇಳಿ ಮುಗಿಸಿ ಅವರು ನಕ್ಕರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಹೆಗಲು, ಕೊನೆಗೆ ರುಮಾಲು ಬಿಚ್ಚಿ ಮಡಿಲಿಗೆ ಬಿತ್ತು. ಎಷ್ಟೋ ವರ್ಷದ ನಗುವನ್ನು ಅವರು ನಮ್ಮ ಜಮಖಾನೆಯ ಮೇಲೆ ಸುರಿದುಹೋದರು.

ಅವರೆಲ್ಲ ಹೊರಟ ಮೇಲೆ ಮಗಳನ್ನು ಕೇಳಿದೆ. "ನಿನಗ ಗೊತ್ತಿತ್ತೇನು?"

"ಗೊತ್ತಿತ್ತಪ್ಪಾ."

"ಮತ್ತ ಹೇಳಲಿಲ್ಲ?"

"ಮೊದಲು ಪೆಟ್ಟಿಗಿ ಹುಬ್ಬಳ್ಳಿಗೆ ಹೋಗ್ತೈತಿ ಅಂತ ಹೇಳಲಿಲ್ಲ," ಎಂದಳು. "ಆಮ್ಯಾಲ ನೀ ಕಣ್ಣು ಒರಸ್ಕೋತ ಕೇಳ್ತಿದ್ದಿ. ನಿನ್ನ ಅಜ್ಜನ್ನ ಕಸ್ಕೊಳ್ಳಾಕ ನನಗ ಮನಸ್ಸಾಗಲಿಲ್ಲ."

ನಾನು ಎದ್ದು ಹೋಗಿ ರೇಡಿಯೋ ಹಚ್ಚಿದೆ.

ಮದುವೆ ನಮ್ಮ ಮನೆಯ ಮುಂದಿನ ಹಂದರದಲ್ಲಿ ಆಯಿತು. ಬೀಗರನ್ನು ಕಳಿಸಲು ಬಸ್ ಸ್ಟ್ಯಾಂಡಿಗೆ ಹೋದೆವು. ಮಗಳು ಕಿಟಕಿಯ ಹತ್ತಿರ ಕೂತಳು. ಅಂಥ ಹೊತ್ತಿನಲ್ಲಿ ತಂದೆಯಾದವನು ಹೇಳಬೇಕಾದ ನಾಲ್ಕು ಘನವಾದ ಮಾತುಗಳನ್ನು ನಾನು ರಾತ್ರಿಯೇ ಕೂಡಿಸಿಟ್ಟಿದ್ದೆ. ಬಸ್ಸು ಗುರ್ರೆಂದಿತು. ಮಾತೆಲ್ಲ ಮರೆತುಹೋಯಿತು. ಅವಳ ಕಿಟಕಿಯ ಸರಳು ಹಿಡಿದುಕೊಂಡು ನಾನು ಹೇಳಿದ್ದು ಇಷ್ಟೇ.

"ಆಜಾ."

ಮೊದಲ ಸಲ ಅರ್ಥ ಗೊತ್ತಿದ್ದು ಹೇಳಿದ್ದೆ.

"ಬರ್ತೇನಪ್ಪಾ," ಎಂದಳು ಸುಶೀಲೆ. "ಪಂಚಮಿ ಹಬ್ಬಕ್ಕ ಬಂದಽ ಬರ್ತೇನಿ." ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

ಮುಂದಿನ ಸೀಟಿನ ಕಿಟಕಿಯಿಂದ ಬಿಳಿ ರುಮಾಲೊಂದು ಹೊರಗೆ ಬಂತು.

"ಬೀಗರ," ಎಂದರು ಅಜ್ಜ, "ಈಗ ಕರದದ್ದು ಅಕಿನ್ನೋ ನನ್ನನ್ನೋ?"

ಇಡೀ ಬಸ್ಸು ನನ್ನ ಕಡೆ ತಿರುಗಿತು. ನಾನು ಕಣ್ಣೊರೆಸಿಕೊಂಡೆ. ಎಷ್ಟೆಂದರೂ ವಿದ್ಯಾವಂತ ನೋಡಿ, ಸುಮ್ಮನಿರಲಾಗಲಿಲ್ಲ.

"ಹಿಂದಿಯಾಗ ಅಕಿನ್ನ," ಎಂದೆ. "ಮರಾಠಿಯಾಗ ನಿಮ್ಮನ್ನ."