‘ನಿಯರ್’ ಪದ ಮತ್ತು ಅದರ ಸಮಾನಾರ್ಥಕಗಳ ಬಳಕೆ ಕುರಿತು

ವಸತಿ ಅರ್ಜಿಗಳ ಸ್ಥಳ ಪರಿಶೀಲನಾ ಶಾಖೆ, ರಾಯಚೂರು

ಸಂಖ್ಯೆ: ಸ್ಥಪಶಾ/ನಿಯರ್/07/2025-26
ದಿನಾಂಕ: 14.07.2025

ಸುತ್ತೋಲೆ

ವಿಷಯ: ಪರಿಶೀಲನಾ ವರದಿಯಲ್ಲಿ ‘ನಿಯರ್’ ಎಂದು ಬರೆಯುವ ಮುನ್ನ ನಡೆದು ನೋಡುವ ಬಗ್ಗೆ.

ಉಲ್ಲೇಖ:
1) ಕು. ನಿಗಾರ್, ಪ್ರಥಮ ಪಿಯುಸಿ, ಚೀಕಲಪರ್ವಿ ಆಚೆಯ ಹೊಲದ ಮನೆ, ಇವರ ವಸತಿ ನಿಲಯದ ಅರ್ಜಿ.
2) ಸದರಿ ಅರ್ಜಿಯ ತಿರಸ್ಕಾರ.
3) ತಿರಸ್ಕಾರದ ಕಾರಣ ಕೇಳಲು ಬಂದ ಅರ್ಜಿದಾರರ ತಾಯಿ ರಂಜಾನಬಿ ತಂದಿದ್ದ ಒಂದು ಚೀಲ ಶೇಂಗಾ (ಹಿಂದಿರುಗಿಸಲಾಗಿದೆ, ಒಂದು ಹಿಡಿ ಹೊರತುಪಡಿಸಿ).

ಮಾನವಿಯ ಬಾಲಕಿಯರ ವಸತಿ ನಿಲಯದಲ್ಲಿ, ಬಸ್ಸು ನಿಲ್ಲುವ ಜಾಗದಿಂದ ಮನೆ ದೂರವಿರುವ ವಿದ್ಯಾರ್ಥಿನಿಯರಿಗೆ ಮಾತ್ರ ಸೀಟು ನೀಡುವ ನಿಯಮವಿರುತ್ತದೆ. ಅರ್ಜಿಯ ಹನ್ನೊಂದನೇ ಕಾಲಂನಲ್ಲಿ ‘ನಿಯರ್’ ಅಥವಾ ‘ಫಾರ್’ ಎಂದು ಶಾಖೆಯ ನೌಕರರು ಖುದ್ದು ನೋಡಿ ಬರೆಯಬೇಕಾಗಿರುತ್ತದೆ. ಈ ಸಾಲಿನಲ್ಲಿ ದೇವದುರ್ಗ ಮತ್ತು ಮಾನವಿ ತಾಲ್ಲೂಕುಗಳಿಂದ ಬಂದ ಎಲ್ಲ ವರದಿಗಳಲ್ಲಿಯೂ ‘ನಿಯರ್’ ಎಂದೇ ಬರೆದಿದ್ದು, ಎರಡು ತಾಲ್ಲೂಕುಗಳಲ್ಲಿ ದೂರ ಎಂಬುದೇ ಇಲ್ಲವೆಂದು ಭಾವಿಸಬೇಕಾದ ಪರಿಸ್ಥಿತಿ ಒದಗಿದೆ. ಆದ್ದರಿಂದ ಕೆಳಕಂಡಂತೆ ಸೂಚಿಸಲಾಗಿದೆ.

1. ಉಲ್ಲೇಖ (1)ರ ಅರ್ಜಿಯ ಪರಿಶೀಲನೆಗೆ ದ್ವಿತೀಯ ದರ್ಜೆ ಸಹಾಯಕಿ ವೇದಶ್ರೀ (ಮುಂದೆ ‘ಸದರಿ ನೌಕರರು’) ಅವರನ್ನು ನಿಯೋಜಿಸಲಾಗಿತ್ತು. ಅವರು ಮಧ್ಯಾಹ್ನ ಮೂರೂ ಹತ್ತಕ್ಕೆ ಚೀಕಲಪರ್ವಿಯಲ್ಲಿ ಇಳಿದಿರುತ್ತಾರೆ. ವಾಪಸು ಬಸ್ಸು ಮೂರೂ ಇಪ್ಪತ್ತೈದಕ್ಕೆ ಇತ್ತು. ಅದರ ನಂತರವೂ ಒಂದು ಬಸ್ಸಿರುವುದಾಗಿ ಕಂಡಕ್ಟರ್ ಎರಡು ಸಲ ಹೇಳಿದ್ದರೂ, ಮುಂದಿನ ಬಸ್ಸು ಬರುತ್ತದೆಂಬ ನಂಬಿಕೆ ಸದರಿ ನೌಕರರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಆದ್ದರಿಂದ ಅವರು ನಿಂತಲ್ಲಿಯೇ ನಿಂತು, ಅರ್ಜಿದಾರರ ಮನೆ ಎಷ್ಟು ದೂರವೆಂದು ಮೂವರನ್ನು ವಿಚಾರಿಸಿ, ಹೇಳಿಕೆಗಳನ್ನು ಅಕ್ಷರಶಃ ಬರೆದುಕೊಂಡಿರುತ್ತಾರೆ:

ಅ) ಚಹಾದ ಹೋಟೆಲಿನ ಬಂದೇನವಾಜ್: “ರಂಜಾನಬಿ ಮನಿ ಏನ್ರೀ? ಇಲ್ಲೇ ಅದ ಬರ್ರಿ. ನೀರ್ ಕುಡೀರಿ ಮೊದಲ.”
ಆ) ಮೇವಿನ ಹೊರೆ ಹೊತ್ತಿದ್ದ ಬಸ್ಸಮ್ಮ: “ಇಲ್ಲೇ ಯವ್ವಾ. ಆ ಹಳ್ಳ ದಾಟಿದ್ರ ಬಂದಂಗ ನೋಡು.”
ಇ) ಆಡು ಕಾಯುತ್ತಿದ್ದ ಸತ್ತಾರ್ ಸಾಬ್: “ನೀವು ಹೊಂಡ್ರಿ ಸುಮ್ನ. ನಡದ್ರ ಬಂದೇ ಬಿಡ್ತದ.”

ಮೂರೂ ಹೇಳಿಕೆಗಳು ತಾಳೆಯಾದ ಕಾರಣ ‘ನಿಯರ್’ ಎಂದು ಬರೆದು, ಸಹಿ ಮಾಡಿ, ಮೂರೂ ಇಪ್ಪತ್ತೈದರ ಬಸ್ಸಿಗೆ ಹತ್ತಲಾಗಿದೆ. ಪದಗಳ ವಿಷಯದಲ್ಲಿ ಸದರಿ ನೌಕರರು ಬಹಳ ಎಚ್ಚರಿಕೆಯವರೆಂಬ ಹೆಸರಿದೆ. ಕಾಲುಗಳ ವಿಷಯದಲ್ಲಿ ಅಂಥ ಹೆಸರಿಲ್ಲ.

2. ಈ ಭಾಗದಲ್ಲಿ ದಾರಿ ಕೇಳಿದವರಿಗೆ ‘ದೂರ ಅದ’ ಎನ್ನುವುದು, ಬರಬೇಡ ಎಂದಂತೆ. ಹಾಗಾಗಿ ಯಾರೂ ಹೇಳುವುದಿಲ್ಲ. ‘ನಿಯರ್’ ಪದಕ್ಕೆ ಸಮಾನವಾಗಿ ಬಳಕೆಯಲ್ಲಿರುವ ಮಾತುಗಳನ್ನು ಇನ್ನು ಮುಂದೆ ಹೀಗೆ ಅರ್ಥೈಸತಕ್ಕದ್ದು:

‘ಬಾಜೂಕ ಅದ’: ಅರ್ಧ ಕಿಲೋಮೀಟರ್.
‘ಇಲ್ಲೇ ಅದ’: ಎರಡರಿಂದ ಆರು ಕಿಲೋಮೀಟರ್.
‘ಇಲ್ಲೇ’ ಎನ್ನುತ್ತಾ ಕೈಯನ್ನು ಪೂರ್ತಿ ಚಾಚಿದಲ್ಲಿ: ಊಟ ಮಾಡಿ ಹೊರಡತಕ್ಕದ್ದು.
‘ಇಲ್ಲೇ’ ಎನ್ನುತ್ತಾ ಹೇಳುವವರು ಎದ್ದು ನಿಂತಲ್ಲಿ: ಮರುದಿನ ಹೋಗತಕ್ಕದ್ದು.

3. ದೇವದುರ್ಗದ ಕಡೆ ‘ಒಂದು ಬೀಡಿ ದೂರ’ ಎಂಬ ಅಳತೆಯೂ ವರದಿಗಳಲ್ಲಿ ಕಂಡುಬಂದಿದೆ. ಬೀಡಿಯನ್ನು ಶಾಖೆಯಿಂದ ಪೂರೈಸಲು ಅವಕಾಶವಿಲ್ಲ. ನೌಕರರು ದಾರಿಯಲ್ಲಿ ಸಿಕ್ಕವರ ಬೀಡಿಯಿಂದ ಅಳೆಯಬಹುದು. ಆದರೆ ಗಾಳಿ ಬೀಸಿದಾಗ ಬೀಡಿ ಬೇಗ ಮುಗಿದು ಊರು ಹತ್ತಿರವಾಗುವುದರಿಂದ, ಗಾಳಿಯ ದಿನ ಅಳೆಯತಕ್ಕದ್ದಲ್ಲ. ಬೀಡಿ ನಡುವೆ ಆರಿದಲ್ಲಿ ಆ ಜಾಗದಲ್ಲಿ ಕಲ್ಲು ನೆಟ್ಟು ಬರತಕ್ಕದ್ದು.

4. ಶಾಖೆಯ ನೌಕರರು ಬೆಳಿಗ್ಗೆ ಫೋನಿನಲ್ಲಿ “ಆಫೀಸ್ ನಿಯರ್ ಬಂದೀನ್ರಿ ಸರ್” ಎಂದು ತಿಳಿಸುವಾಗ ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ ಕೇಳಿಸಬಾರದು. ಕಲ್ಮಲದಿಂದ ಬರುವವರಿಗೂ ಇದು ಅನ್ವಯಿಸುತ್ತದೆ.

5. ದಿನಾಂಕ 10ರಂದು ಅರ್ಜಿದಾರರ ತಾಯಿ ರಂಜಾನಬಿ ಅವರ ಅಹವಾಲನ್ನು ಶಾಖಾಧಿಕಾರಿ ಗುರುಪ್ರಸನ್ನ ಅವರು ಆಲಿಸಿರುತ್ತಾರೆ. ಸದರಿ ನೌಕರರು ಪಕ್ಕದಲ್ಲಿ ಕುಳಿತು ನಡಾವಳಿ ಬರೆದಿದ್ದು, ಅದರ ಸಾರ:

ಶಾಖಾಧಿಕಾರಿ: “ನಿಮ್ಮ ಮನಿ ದೂರ ಅದ ಏನಮ್ಮಾ?”
ರಂಜಾನಬಿ: “ಇಲ್ರಿ ಸರ್, ಇಲ್ಲೇ ಅದ. ಬರ್ರಿ ಒಂದಿನ ಚಾ ಕುಡಿಯಾಕ.”
ಶಾಖಾಧಿಕಾರಿ: “ಮತ್ತ ಇಲ್ಲೇ ಇದ್ರ ಹಾಸ್ಟೆಲ್ ಯಾಕ?”
ರಂಜಾನಬಿ: “ಹುಡುಗಿ ಕಾಲೇಜಿಂದ ಬಂದು ಬಸ್ ಇಳಿಯೋದ್ರಾಗ ಹೊತ್ತು ಮುಣಗತದ್ರಿ. ಆಮ್ಯಾಲ ಹಳ್ಳದ ದಾರಿ, ಒಬ್ಬಾಕೀನ. ಈ ಹದಿನಾರನೇ ತಾರೀಖಿನ ಪಟ್ಟಿಯಾಗ ಹೆಸರು ಬರಲಿಲ್ಲಂದ್ರ ಕಾಲೇಜು ಬಿಡಸ್ತೀನ್ರಿ. ಓದಾಕ ಶಾಣ್ಯಾಕಿ, ಆದ್ರೂ ಬಿಡಸ್ತೀನಿ.”
ಶಾಖಾಧಿಕಾರಿ: “ನೀವೇ ಇಲ್ಲೇ ಅದ ಅಂತೀರಿ. ನಮ್ಮ ಮೇಡಂ ಖುದ್ದ ನೋಡಿ ಬರದಾರ.”

ಆಗ ರಂಜಾನಬಿ ಅವರು ಸದರಿ ನೌಕರರತ್ತ ತಿರುಗಿ, “ಬಂದಿದ್ರೇನ್ರಿ ಮೇಡಂ? ನಾ ಮನ್ಯಾಗ ಇದ್ನೆಲ್ಲರಿ. ಒಳಗ ಬರಬೇಕಿಲ್ರೀ?” ಎಂದು ಕೇಳಿರುತ್ತಾರೆ. ಸದರಿ ನೌಕರರು ಪೆನ್ನಿನ ರಿಫಿಲ್ ಪರಿಶೀಲಿಸಿರುತ್ತಾರೆ.

6. ತಿರಸ್ಕೃತ ಅರ್ಜಿಯನ್ನು ಮತ್ತೆ ತೆರೆಯಲು ಹೊಸ ಸುತ್ತೋಲೆ ಬೇಕೆಂದೂ, ಸುತ್ತೋಲೆ ಬರೆಯಲು ತಮಗೆ ಪುರುಸೊತ್ತಿಲ್ಲವೆಂದೂ ಶಾಖಾಧಿಕಾರಿಗಳು ತಿಳಿಸಿದ ಮೇರೆಗೆ, ಸದರಿ ನೌಕರರು ಈ ಸುತ್ತೋಲೆಯ ಕರಡನ್ನು ತಾವೇ ಸಿದ್ಧಪಡಿಸಿರುತ್ತಾರೆ.

7. ಸುತ್ತೋಲೆಗಳನ್ನು ಆರನೇ ಅಂಶದ ನಂತರ ಯಾರೂ ಓದುವುದಿಲ್ಲ ಎಂಬುದು ಹನ್ನೊಂದು ವರ್ಷಗಳ ಅನುಭವ. ಆದ್ದರಿಂದ ಕೆಳಗಿನ ಸಂಗತಿಗಳನ್ನು ಇಲ್ಲಿ ನಮೂದಿಸಲಾಗಿದೆ. ದಿನಾಂಕ 13, ಭಾನುವಾರ, ಸದರಿ ನೌಕರರು ಮನೆಯಲ್ಲಿ ಮಂತ್ರಾಲಯಕ್ಕೆಂದು ಹೇಳಿ ಚೀಕಲಪರ್ವಿಗೆ ಹೋಗಿ, ನಿಲ್ದಾಣದಿಂದ ಅರ್ಜಿದಾರರ ಮನೆಯವರೆಗೆ ನಡೆದಿರುತ್ತಾರೆ. ಅಳತೆ: 4.7 ಕಿಲೋಮೀಟರ್. ಹಳ್ಳದಲ್ಲಿ ಮೊಣಕಾಲುದ್ದ ನೀರು. ನಡುವೆ ಒಂದೂ ಮನೆಯಿಲ್ಲ, ಒಂದೂ ದೀಪದ ಕಂಬವಿಲ್ಲ. ಚಪ್ಪಲಿಯ ಉಂಗುಷ್ಟ ಕಿತ್ತುಹೋದ ಜಾಗ: 3.1 ಕಿಲೋಮೀಟರ್. ಅಲ್ಲಿಂದ ಮುಂದೆ, ಈ ದಾರಿಯಲ್ಲಿ ಕತ್ತಲಾದ ಮೇಲೆ ಹದಿನಾರು ವರ್ಷದ ಹುಡುಗಿ ಹೇಗೆ ನಡೆಯುತ್ತಾಳೆಂಬ ಒಂದೇ ವಿಷಯದ ಬಗ್ಗೆ ಯೋಚಿಸಲಾಗಿದೆ.

ಕು. ನಿಗಾರ್ ತಮ್ಮ ಚಪ್ಪಲಿ ಕೊಟ್ಟು, ಹಳ್ಳದವರೆಗೆ ಬಂದು ಕಳುಹಿಸಿರುತ್ತಾರೆ. “ಭಾಳ ದೂರ ಆತೇನ್ರಿ ಮೇಡಂ?” ಎಂಬ ಅವರ ಪ್ರಶ್ನೆಗೆ ಸದರಿ ನೌಕರರು “ಇಲ್ಲ ಬಿಡವಾ, ಇಲ್ಲೇ ಅದ” ಎಂದು ಉತ್ತರಿಸಿದ್ದು, ಇದನ್ನು ದಾಖಲೆಗೆ ಪರಿಗಣಿಸತಕ್ಕದ್ದಲ್ಲ.

8. ಅಂಶ 2ರ ಪ್ರಕಾರ ‘ಇಲ್ಲೇ ಅದ’ ಎಂದು ಹೇಳಿಕೆ ಪಡೆದ ಎಲ್ಲ ಅರ್ಜಿಗಳನ್ನು ಈ ಮೂಲಕ ‘ಫಾರ್’ ಎಂದು ಓದಿಕೊಳ್ಳತಕ್ಕದ್ದು. ಸದ್ಯಕ್ಕೆ ಅಂಥ ಹೇಳಿಕೆ ಬರೆದಿಟ್ಟುಕೊಂಡ ಕಡತ ಒಂದೇ ಇದ್ದು, ಕು. ನಿಗಾರ್ ಅವರ ಹೆಸರನ್ನು ದಿನಾಂಕ 16ರ ಪಟ್ಟಿಗೆ ಸೇರಿಸಲಾಗಿದೆ.

(ಸಹಿ ಇದೆ, ಮೊದಲ ಪುಟ ಮಾತ್ರ ನೋಡಲಾಗಿದೆ)
ಗುರುಪ್ರಸನ್ನ
ಶಾಖಾಧಿಕಾರಿ

ಪ್ರತಿಗಳು:
1) ಪರಿಶೀಲನಾ ನೌಕರರೆಲ್ಲರಿಗೆ, ದೇವದುರ್ಗ ಮತ್ತು ಮಾನವಿ. ಗಟ್ಟಿ ಚಪ್ಪಲಿಯೊಂದಿಗೆ ಜಾರಿಗೆ ತರಲು.
2) ವಸತಿ ನಿಲಯದ ಮೇಲ್ವಿಚಾರಕಿ, ಮಾನವಿ. ಒಂದು ಹಾಸಿಗೆ ತೆಗೆದಿಡಲು.
3) ಸೂಚನಾ ಫಲಕಕ್ಕೆ. ಮೊದಲ ಪುಟ ಮಾತ್ರ.
4) ಶ್ರೀಮತಿ ರಂಜಾನಬಿ. ಸೀಟಿನ ಆದೇಶ ಮಾತ್ರ. ಮೊದಲ ಸಲ ಮೇಡಂ ಮನೆಗೆ ಯಾಕೆ ಬರಲಿಲ್ಲವೆಂದು ಅವರು ಮತ್ತೆ ಕೇಳಿದಲ್ಲಿ, ಬೀಗ ಹಾಕಿತ್ತು ಎಂದು ಸುಳ್ಳು ಹೇಳತಕ್ಕದ್ದಲ್ಲ, ಸುಮ್ಮನಿರತಕ್ಕದ್ದು.
5) ಸದರಿ ನೌಕರರ ಸ್ವಂತ ಪ್ರತಿ. ಮೂರೂ ಇಪ್ಪತ್ತೈದರ ಬಸ್ಸಿನ ವಿಷಯ ಕು. ನಿಗಾರ್ ಮನೆಯವರಿಗೆ ಹೇಳಬಾರದೆಂದು ತೀರ್ಮಾನಿಸಲಾಗಿದೆ.